ಪದರ ಪದರವಾಗಿ ಉಬ್ಬುವ ಮೆತ್ತನೆ ಬಿಸ್ಕತ್ತು

ಅಮೆರಿಕದ ಮನೆಗಳಲ್ಲಿ ಬೆಳಗಿನ ತಿಂಡಿಗೆ ಮಾಡುವ ಬಿಸ್ಕತ್ತು ಇದು. ಹೊರಗೆ ಹೊಂಬಣ್ಣ, ಒಳಗೆ ಹತ್ತಿಯಷ್ಟು ಮೆತ್ತಗೆ. ಯೀಸ್ಟ್ ಬೇಡ, ಹಿಟ್ಟು ಉಬ್ಬಲಿ ಅಂತ ಗಂಟೆಗಟ್ಟಲೆ ಕಾಯುವುದೂ ಬೇಡ. ಬೆಣ್ಣೆ ತಣ್ಣಗಿರಬೇಕು, ಕೈ ಹಗುರವಾಗಿರಬೇಕು, ಅಷ್ಟೇ.

ಮೊದಲು ಓವನ್ ಅನ್ನು 220 ಡಿಗ್ರಿ ಸೆಲ್ಸಿಯಸ್‌ಗೆ ಕಾಯಲು ಇಡಿ. 250 ಗ್ರಾಂ ಮೈದಾಕ್ಕೆ ಎರಡೂವರೆ ಟೀ ಚಮಚ ಬೇಕಿಂಗ್ ಪೌಡರ್, ಕಾಲು ಚಮಚ ಅಡುಗೆ ಸೋಡಾ, ಮುಕ್ಕಾಲು ಚಮಚ ಉಪ್ಪು ಸೇರಿಸಿ ಜರಡಿ ಹಿಡಿಯಿರಿ. ಬೇಕಿಂಗ್ ಪೌಡರ್ ಹಳೆಯದಾಗಿದ್ದರೆ ಚಿಟಿಕೆಯಷ್ಟನ್ನು ಬಿಸಿನೀರಿಗೆ ಹಾಕಿ ನೋಡಿ. ಬುಸ್ಸೆಂದು ನೊರೆ ಬರದಿದ್ದರೆ ಅದನ್ನು ಬಳಸಲೇಬೇಡಿ.

ಈಗ ಬೆಣ್ಣೆ. ಉಪ್ಪಿಲ್ಲದ ಬೆಣ್ಣೆ 100 ಗ್ರಾಂ, ಫ್ರಿಜ್‌ನಿಂದ ಆಗಷ್ಟೇ ತೆಗೆದದ್ದು. ಚಿಕ್ಕ ಚೌಕಗಳಾಗಿ ಕತ್ತರಿಸಿ ಹಿಟ್ಟಿಗೆ ಹಾಕಿ, ಬೆರಳ ತುದಿಯಲ್ಲಿ ಬೇಗ ಬೇಗ ಉಜ್ಜಿ. ಬಟಾಣಿ ಕಾಳಿನಷ್ಟು ದೊಡ್ಡ ತುಣುಕುಗಳು ಅಲ್ಲಲ್ಲಿ ಕಾಣಿಸುತ್ತಿರುವಾಗಲೇ ನಿಲ್ಲಿಸಿ. ಬೆಣ್ಣೆಯಲ್ಲಿ ನೀರಿನ ಅಂಶ ಇರುತ್ತದೆ ಅಲ್ವಾ? ಓವನ್ನಿನ ಬಿಸಿಗೆ ಅದು ಆವಿಯಾಗಿ ಹಿಟ್ಟನ್ನು ಮೇಲಕ್ಕೆ ತಳ್ಳುತ್ತದೆ. ಬೆಣ್ಣೆ ಕರಗಿದ್ದ ಜಾಗದಲ್ಲಿ ಪದರ ಉಳಿಯುತ್ತದೆ. ಬೆಣ್ಣೆ ಕೈಯಲ್ಲೇ ಕರಗಿಹೋದರೆ ಪದರ ಎಲ್ಲಿಂದ ಬರಬೇಕು? ಅಡುಗೆಮನೆ ಸೆಖೆಯಾಗಿದ್ದರೆ ಪಾತ್ರೆಯನ್ನು ಹತ್ತು ನಿಮಿಷ ಫ್ರಿಜ್‌ನಲ್ಲಿಡಿ.

ತಣ್ಣನೆಯ ಗಟ್ಟಿ ಮಜ್ಜಿಗೆ 160 ಎಂ.ಎಲ್. ಸುರಿದು ಚಮಚದಲ್ಲಿ ಕಲಸಿ. ಹಿಟ್ಟು ಉದುರು ಉದುರಾಗಿದ್ದರೆ ಇನ್ನೊಂದೆರಡು ಚಮಚ ಹಾಕಬಹುದು. ಚಪಾತಿ ಹಿಟ್ಟಿನಂತೆ ನಾದಬೇಡಿ. ನಾದಿದಷ್ಟೂ ಮೈದಾದ ಜಿಗುಟು ಜಾಸ್ತಿಯಾಗುತ್ತದೆ, ಬಿಸ್ಕತ್ತು ಗಟ್ಟಿಯಾಗುತ್ತದೆ. ಹಿಟ್ಟು ನೋಡಲು ಒರಟಾಗಿಯೇ ಇರಲಿ.

ಒಣಹಿಟ್ಟು ಉದುರಿಸಿದ ಮಣೆಯ ಮೇಲೆ ಅಂಗೈಯಿಂದ ತಟ್ಟಿ, ಮಡಿಸಿ, ಮತ್ತೆ ತಟ್ಟಿ. ಮೂರ್ನಾಲ್ಕು ಸಲ ಹೀಗೆ ಮಾಡಿದರೆ ಸಾಕು. ಕೊನೆಗೆ ಒಂದು ಅಂಗುಲ ದಪ್ಪ ಇರಬೇಕು. ಅಂಚು ಹರಿತವಿರುವ ಅಚ್ಚಿಗೆ ಹಿಟ್ಟು ಸವರಿ, ನೇರವಾಗಿ ಒತ್ತಿ, ನೇರವಾಗಿಯೇ ಎತ್ತಿ. ತಿರುಚಿದರೆ ಪಕ್ಕದ ಅಂಚುಗಳು ಅಂಟಿಕೊಂಡು ಬಿಸ್ಕತ್ತು ಓರೆಯಾಗಿ ಉಬ್ಬುತ್ತದೆ. ಅಚ್ಚಿಲ್ಲದಿದ್ದರೆ ಚಾಕುವಿನಲ್ಲಿ ಚೌಕವಾಗಿ ಕತ್ತರಿಸಿ. ಹಿಟ್ಟು ಸ್ವಲ್ಪವೂ ಹಾಳಾಗುವುದಿಲ್ಲ, ನನಗಂತೂ ಇದೇ ಇಷ್ಟ.

ಟ್ರೇನಲ್ಲಿ ಒಂದಕ್ಕೊಂದು ತಾಗುವಂತೆ ಜೋಡಿಸಿ. ಆಗ ಅಕ್ಕಪಕ್ಕ ಹರಡದೆ ಮೇಲಕ್ಕೆ ಏಳುತ್ತವೆ. ಮೇಲೆ ಸ್ವಲ್ಪ ಮಜ್ಜಿಗೆ ಸವರಿ 12ರಿಂದ 15 ನಿಮಿಷ ಬೇಯಿಸಿ. ಹತ್ತು ನಿಮಿಷ ಆಗುವವರೆಗೆ ಸುಮ್ನೆ ಬಾಗಿಲು ತೆರೆದು ನೋಡಬೇಡಿ, ಬಿಸಿ ಇಳಿದುಹೋಗುತ್ತದೆ.

ಹೊರತೆಗೆದ ತಕ್ಷಣ ಕರಗಿಸಿದ ಬೆಣ್ಣೆ ಸವರಿ, ಬಿಸಿ ಇರುವಾಗಲೇ ಜೇನುತುಪ್ಪ ಅಥವಾ ಜಾಮ್ ಜೊತೆ ತಿನ್ನಿ. ಎಲ್ಲವನ್ನೂ ಒಂದೇ ದಿನ ಬೇಯಿಸಬೇಕೆಂದಿಲ್ಲ. ಕತ್ತರಿಸಿದ ಹಸಿ ಬಿಸ್ಕತ್ತನ್ನು ಫ್ರೀಜರ್‌ನಲ್ಲಿಟ್ಟು, ಬೇಕಾದಾಗ ಹಾಗೆಯೇ ಓವನ್ನಿಗೆ ಹಾಕಿ, ನಾಲ್ಕೈದು ನಿಮಿಷ ಹೆಚ್ಚು ಬೇಯಿಸಿದರಾಯಿತು.