ಮೂರು ಶುಕ್ರವಾರ ಕೆಟ್ಟ ಕುಬ್ಬೆ

ಜೆರುಸಲೇಮಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ನಮ್ಮ ಮಂಗಳೂರು ಕಡೆಯವರಿಗೆ ಕುಬ್ಬೆ ಸಾರು ಎಂದರೇನು ಎಂದು ನಾನು ಹೇಳಬೇಕಾಗಿಲ್ಲ. ಬೀಟ್‌ರೂಟ್ ಸಾರಿನಲ್ಲಿ ಬೇಯುವ, ಹೊಟ್ಟೆಯಲ್ಲಿ ಮಾಂಸ ತುಂಬಿದ ಆ ರವೆಯುಂಡೆಯನ್ನು ನೀವೆಲ್ಲ ತಿಂದವರೇ. ಆದರೆ ಮನೆಯಲ್ಲಿ ಮಾಡಿದವರು ಕಡಿಮೆ. ‘ಅದು ಕುರ್ದಿ ಹೆಂಗಸರ ಕೈಗೆ ಮಾತ್ರ ಒಲಿಯುವುದು’ ಎಂದು ನಾನು ನೋಡಿಕೊಳ್ಳುವ ಅಜ್ಜಿಯ ಮಗಳು ಮೊದಲ ದಿನವೇ ಹೇಳಿಬಿಟ್ಟಿದ್ದಳು.

ಅಜ್ಜಿಯನ್ನು ನಾನೂ ಸವ್ತಾ ಎಂದೇ ಕರೆಯುತ್ತೇನೆ, ಹೀಬ್ರೂವಿನಲ್ಲಿ ಅಜ್ಜಿ ಎಂದೇ ಅರ್ಥ. ಇರಾಕಿನ ಕುರ್ದಿ ಸೀಮೆಯ ಜಾಖೋ ಊರಿನವರು. 1951ರಲ್ಲಿ ಅಲ್ಲಿನ ಬಹುಪಾಲು ಯೆಹೂದಿಗಳನ್ನು ವಿಮಾನದಲ್ಲಿ ಇಲ್ಲಿಗೆ ಕರೆತಂದಾಗ ಪುಟ್ಟ ಹುಡುಗಿ. ಈಗ ಕೈ ನಡುಗುತ್ತದೆ, ಬಾಯಿ ನಡುಗುವುದಿಲ್ಲ.

ಮೊದಲ ಶುಕ್ರವಾರ ಮನೆಯಲ್ಲಿದ್ದ ಉಪ್ಪಿಟ್ಟಿನ ರವೆಯಲ್ಲೇ ಮಾಡಿದೆ. ಉಂಡೆಗಳೆಲ್ಲ ಬಿರುಕು ಬಿಟ್ಟು, ಅರ್ಧ ಗಂಟೆಯಲ್ಲಿ ಸಾರು ಕೆಂಪು ಅಂಬಲಿಯಾಯಿತು. ಎರಡನೆಯ ವಾರ ಸಣ್ಣ ರವೆ ತಂದೆ. ಆದರೆ ನಮ್ಮ ಅಕ್ಕಿಯುಂಡೆ ಪುಂಡಿಗೆ ಮಾಡಿ ರೂಢಿಯಾದ ಕೈ, ಕುದಿಯುವ ನೀರು ಸುರಿದುಬಿಟ್ಟಿತು. ಹಿಟ್ಟು ಗೋಂದಿನಂತಾಯಿತು. ಮೂರನೆಯ ಸಲ ಹಿಟ್ಟು ಸರಿಯಾಗಿತ್ತು, ಹೂರಣ ಬಿಸಿ ಇತ್ತು. ಒಳಗಿನ ಹಬೆಗೆ ಹೊಟ್ಟೆಯೊಡೆದು ಮಾಂಸವೆಲ್ಲ ಸಾರಿಗೆ ಬಂತು. ಒಂದೊಂದು ಸಲಕ್ಕೂ ಅರ್ಧ ಕಿಲೋ ಮಾಂಸ, ಸುಮಾರು 40 ಶೆಕೆಲ್. ಮೂರನೆಯದರ ದುಡ್ಡನ್ನು ನಾಚಿಕೆಯಿಂದ ನಾನೇ ಕೊಟ್ಟೆ. ನಮ್ಮ ಲೆಕ್ಕದಲ್ಲಿ ಆಗ ಸುಮಾರು ಒಂಬೈನೂರು ರೂಪಾಯಿ! ಊರಿಗೆ ಕಳಿಸುವ ಹಣದಲ್ಲಿ ಕಡಿಮೆಯಾದದ್ದು ಅಷ್ಟೇ ಅಲ್ಲ, ಗೆಳತಿಯರು ಫೋನಿನಲ್ಲಿ ಒಂದು ವಾರ ನಕ್ಕರು.

ಈ ನಡುವೆ ಇನ್ನೊಂದು ಅವಾಂತರವೂ ಆಯಿತು. ಈರುಳ್ಳಿ ಬಾಡಿಸಲು ಊರಿನ ತುಪ್ಪದ ಡಬ್ಬಿ ತೆರೆದದ್ದೇ ತಡ, ಸವ್ತಾ ಕುರ್ಚಿಯಿಂದಲೇ ಕೂಗಿಕೊಂಡರು. ಯೆಹೂದಿಗಳ ಅಡುಗೆಯಲ್ಲಿ ಮಾಂಸಕ್ಕೆ ಹಾಲಿನದೇನೂ ಸೋಕುವಂತಿಲ್ಲವಲ್ಲ. ಒಂದು ಚಮಚ ಬಿದ್ದಿದ್ದರೆ ಆ ಬಾಣಲೆ ಏನಾಗುತ್ತಿತ್ತೋ!

ನಾಲ್ಕನೆಯ ಸಲ ಗೆದ್ದೆ. ಇಲ್ಲಿನ ‘ಸೋಲೆತ್’, ಅಂದರೆ ರವೆಯ, ಪೊಟ್ಟಣಗಳಲ್ಲಿ ಸಣ್ಣದು ನಮ್ಮ ಚಿರೋಟಿ ರವೆಯೇ, ಅದನ್ನೇ ತನ್ನಿ. ಅರ್ಧ ಕಿಲೋಗೆ ಒಂದೂವರೆ ಲೋಟದಷ್ಟು ತಣ್ಣೀರು, ಉಪ್ಪು. ಕಲಸಿದಾಗ ತೆಳ್ಳಗೆ ಅನ್ನಿಸುತ್ತದೆ, ಹೆದರಿ ರವೆ ಸೇರಿಸಬೇಡಿ. ಅರ್ಧ ಗಂಟೆಯಲ್ಲಿ ಅದೇ ನೀರು ಕುಡಿದು ಗಟ್ಟಿಯಾಗುತ್ತದೆ. ಕಲಸುವ ನೀರಿಗೆ ನಾನು ಇನ್ನೊಂದು ಬೆರೆಸುತ್ತೇನೆ, ಅದನ್ನು ಸವ್ತಾ ಕಿವಿಯಲ್ಲಿ ಹೇಳಿದ್ದು, ಇಲ್ಲಿ ಬರೆಯುವುದಿಲ್ಲ. ಹೂರಣ ಹಿಂದಿನ ರಾತ್ರಿಯೇ ಮಾಡಿ ಫ್ರಿಜ್‌ನಲ್ಲಿಡಿ, ಒಂದು ಹನಿ ನೀರಿರಬಾರದು. ಕೈ ಒದ್ದೆ ಮಾಡಿಕೊಂಡು ಅಂಗೈಯಲ್ಲಿ ಕಾಗದದಷ್ಟಲ್ಲದಿದ್ದರೂ ಪೂರಿಯಷ್ಟು ತೆಳುವಾಗಿ ತಟ್ಟಿ, ತುಂಬಿ, ಮುಚ್ಚಿ. ಸುಮಾರು ಮೂವತ್ತು ಬರುತ್ತವೆ. ತಟ್ಟೆಯಲ್ಲಿ ಜೋಡಿಸಿ ಫ್ರೀಜರ್‌ನಲ್ಲಿ ಒಂದು ಗಂಟೆ. ಸಾರು ಕೊತಕೊತ ಕುದಿಯುವಾಗ ಒಂದೊಂದಾಗಿ ಬಿಟ್ಟು ಉರಿ ತಗ್ಗಿಸಿ. ಸೌಟು ಹಾಕಬೇಡಿ, ಪಾತ್ರೆಯನ್ನೇ ಹಿಡಿದು ಅಲುಗಿಸಿ. ನಿಂಬೆರಸ ಧಾರಾಳವಾಗಿದ್ದರೆ ಕೆಂಪು ಬಣ್ಣವೂ ನಿಲ್ಲುತ್ತದೆ.

ಒಮ್ಮೆ ಹಸಿರು ಸಾರಿಗೆ, ಅಂದರೆ ಹಮುಸ್ತಾಕ್ಕೆ, ನಿಂಬೆಯ ಬದಲು ಊರಿನ ಪುನರ್ಪುಳಿ ಹಾಕಿದೆ. ರುಚಿ ಚೆನ್ನಾಗಿತ್ತು, ಬಣ್ಣ ಕೆಸರಿನಂತಾಯಿತು. ಸವ್ತಾ ಕಣ್ಣು ಮುಚ್ಚಿಕೊಂಡು ತಿಂದರು. ಯೆಹೂದಿಗಳ ಪಾಸ್ಖ ಹಬ್ಬದ ವಾರ ಗೋಧಿ ರವೆ ಮನೆಯಲ್ಲೇ ಇರಬಾರದು. ಆಗ ಅಕ್ಕಿಹಿಟ್ಟಿನಲ್ಲಿ ಮಾಡಿದೆ, ಅಲ್ಲಿ ಪುಂಡಿಯ ಬಿಸಿನೀರಿನ ಕೈ ಕೊನೆಗೂ ಕೆಲಸಕ್ಕೆ ಬಂತು.

ಈಗ ಶುಕ್ರವಾರ ಬೆಳಿಗ್ಗೆ ಉಂಡೆ ಕಟ್ಟುವವಳು ನಾನು. ಒಲೆ ಹೊತ್ತಿಸಿ ಪಾತ್ರೆಯಿಡುವುದು ಮಾತ್ರ ಸವ್ತಾ, ಅವರ ಧರ್ಮದ ಕ್ರಮ ಹಾಗೆ. ತುಂಬಿದ ಪಾತ್ರೆಯನ್ನು ನಾನು ಕೆಳಗಿನಿಂದ ಹಿಡಿದಿರುತ್ತೇನೆ, ಹಿಡಿಕೆ ಅವರ ಕೈಯಲ್ಲಿರುತ್ತದೆ. ಹೋದ ವಾರ ಮಗಳು ಎರಡನೆಯ ಬಟ್ಟಲು ಕೇಳಿದಳು. ಯಾರು ಮಾಡಿದ್ದೆಂದು ಮಾತ್ರ ಕೇಳಲಿಲ್ಲ.