ಇಡೀ ರಾತ್ರಿಯ ಆಟ: ವಿಡಿಯೊವನ್ನು ಬೇಗ ಸಿದ್ಧಪಡಿಸುವುದು ಹೇಗೆ?

ಹೊನ್ನಾವರ, ಕುಮಟಾ, ಶಿರಸಿಯ ಕಡೆ ಬೆಳಗಿನವರೆಗೆ ನಡೆಯುವ ಯಕ್ಷಗಾನವನ್ನು ಚಿತ್ರೀಕರಿಸಿದವರಿಗೆ ಅದನ್ನು ಮೊಬೈಲಿನಲ್ಲಿ ನೋಡುವ ಗಾತ್ರಕ್ಕೆ ಇಳಿಸಲು ಇನ್ನೊಂದು ರಾತ್ರಿ ಬೇಕಾಗುತ್ತದೆ. ಹೊಸ ಕಂಪ್ಯೂಟರ್ ಕೊಳ್ಳುವ ಮುನ್ನ ಇರುವುದರಲ್ಲೇ ಯಾವ ಭಾಗಕ್ಕೆ ಯಾವ ಕೆಲಸ ಕೊಡಬೇಕೆಂದು ತಿಳಿದುಕೊಳ್ಳಿ.

ಮೊದಲು, ಪರಿವರ್ತನೆ, ಅಂದರೆ ವಿಡಿಯೊವನ್ನು ಮತ್ತೆ ಸಂಕುಚಿಸುವುದು, ನಿಜಕ್ಕೂ ಬೇಕೇ ಎಂದು ನೋಡಿ. ಆಟ ಶುರುವಾಗುವ ಮುಂಚಿನ ಗದ್ದಲವನ್ನು ಕತ್ತರಿಸುವುದಷ್ಟೇ ಉದ್ದೇಶವಾದರೆ ಎಫ್‌ಎಫ್‌ಎಂಪೆಗ್ ಎಂಬ ಉಚಿತ ವಿಡಿಯೊ ತಂತ್ರಾಂಶದ 'ಕಾಪಿ' ವಿಧಾನ ಸಾಕು. ಚಿತ್ರವನ್ನು ಮತ್ತೆ ಸಂಕುಚಿಸದೆ ಇದ್ದಂತೆಯೇ ನಕಲು ಮಾಡುವುದರಿಂದ ಕೆಲಸ ಬೇಗ ಮುಗಿಯುತ್ತದೆ. ಆದರೆ ಕತ್ತರಿಯು ಕೀಫ್ರೇಮ್ (ಬೇರೆ ಫ್ರೇಮ್‌ಗಳನ್ನು ಅವಲಂಬಿಸದೆ ಪೂರ್ತಿಯಾಗಿ ಉಳಿಸಿದ ಚಿತ್ರ) ಇರುವ ಕಡೆಯೇ ಬೀಳುತ್ತದೆ.

ಪರಿವರ್ತನೆ ಬೇಕೇ ಬೇಕೆಂದಾದರೆ, ಅದು ನಡೆಯುತ್ತಿರುವಾಗ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಅಲ್ಲಿ ಡಿಸ್ಕ್‌ನ ಬಳಕೆ ನೂರು ಶೇಕಡಾ ಎಂದು ತೋರಿಸಿದರೆ ತೊಡಕು ಹಾರ್ಡ್‌ಡಿಸ್ಕ್‌ನ ವೇಗದ್ದು. ಕಡತವನ್ನು ಎಸ್‌ಎಸ್‌ಡಿಗೆ ಹಾಕಿಕೊಳ್ಳಿ. ಪ್ರೊಸೆಸರ್‌ನ ಬಳಕೆ ನೂರು ಮುಟ್ಟಿದ್ದರೆ ಮಾತ್ರ ಮುಂದಿನ ಹೆಜ್ಜೆ.

ಇಂಟೆಲ್ ಪ್ರೊಸೆಸರ್‌ಗಳಲ್ಲಿ 2011ರಿಂದ ಕ್ವಿಕ್ ಸಿಂಕ್, ಎನ್‌ವಿಡಿಯಾ ಕಾರ್ಡ್‌ಗಳಲ್ಲಿ 2012ರಿಂದ ಎನ್‌ವೆಂಕ್ ಎಂಬ ವಿಡಿಯೊ ಸಂಕುಚನ ಸರ್ಕ್ಯೂಟ್ ಬರುತ್ತಿದೆ. ಎಲ್ಲ ಮಾದರಿಗಳಲ್ಲೂ ಇರುವುದಿಲ್ಲ, ಪರೀಕ್ಷಿಸಿಕೊಳ್ಳಿ. ಹ್ಯಾಂಡ್‌ಬ್ರೇಕ್ ಎಂಬ ಪರಿವರ್ತನೆಯ ತಂತ್ರಾಂಶದ ವಿಡಿಯೊ ವಿಭಾಗದಲ್ಲಿ ಎನ್‌ಕೋಡರ್ (ಸಂಕುಚಿಸುವ ಸಾಧನ) ಪಟ್ಟಿ ತೆರೆದು, ಎಚ್.264 ಎಂಬ ಸಂಕುಚನ ಮಾನಕದ ಮುಂದೆ ನಿಮ್ಮ ಯಂತ್ರದ ಸರ್ಕ್ಯೂಟ್‌ನ ಹೆಸರಿರುವುದನ್ನು ಆರಿಸಿ. ಈ ಸರ್ಕ್ಯೂಟ್ ಕಾರ್ಡ್‌ನಲ್ಲಿ ವಿಡಿಯೊ ಗೇಮ್ ನಡೆಸುವ ಕೋರ್‌ಗಳಿಗಿಂತ ಬೇರೆ. ಹಾಗಾಗಿ ದುಬಾರಿ ಗೇಮಿಂಗ್ ಕಾರ್ಡ್ ತಂದರೆ ಎನ್‌ಕೋಡಿಂಗ್ ವೇಗ ಅಷ್ಟೇ ಪಟ್ಟು ಹೆಚ್ಚುತ್ತದೆಂದು ಭಾವಿಸಬೇಡಿ. ಎಫ್‌ಎಫ್‌ಎಂಪೆಗ್ ಬಳಸುವವರು ಡಿಕೋಡಿಂಗನ್ನೂ (ಸಂಕುಚಿತ ಚಿತ್ರವನ್ನು ಬಿಡಿಸುವುದು) ಗಾತ್ರ ಬದಲಾವಣೆಯನ್ನೂ ಕಾರ್ಡ್‌ಗೇ ವಹಿಸಲಿ. ಇಲ್ಲದಿದ್ದರೆ ಪ್ರತಿ ಫ್ರೇಮ್ ಮುಖ್ಯ ಮೆಮೊರಿಗೆ ಹೋಗಿಬರುವುದರಲ್ಲೇ ಸಮಯ ಸೋರಿಹೋಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಕಡಿಮೆ ಬಿಟ್‌ರೇಟಿನಲ್ಲಿ (ಪ್ರತಿ ಸೆಕೆಂಡಿನ ವಿಡಿಯೊಗೆ ಬಳಸುವ ದತ್ತಾಂಶ) ಹಾರ್ಡ್‌ವೇರ್ ಎನ್‌ಕೋಡರ್, ಅಂದರೆ ಮೇಲಿನ ಸರ್ಕ್ಯೂಟ್, ಅದರಲ್ಲೂ ಹಳೆಯದು, ಮಂಡಿಕುಣಿತದ ರಭಸಕ್ಕೆ ಸೋಲುತ್ತದೆ. ಸುತ್ತುವ ವೇಷದ ಅಂಚು ಚೌಕಚೌಕವಾಗಿ ಒಡೆಯುತ್ತದೆ, ಕಿರೀಟದ ಕುಸುರಿ ಕಲಸಿಹೋಗುತ್ತದೆ. ಕಲಾವಿದರ ಶ್ರಮಕ್ಕೆ ಅದು ಅನ್ಯಾಯ. ನಾಳೆಯೇ ಜನರಿಗೆ ತೋರಿಸಬೇಕಾದ ಪ್ರತಿಗೆ ಹಾರ್ಡ್‌ವೇರ್ ಬಳಸಿ. ಕಾಪಿಡುವ ಪ್ರತಿಯನ್ನು ಪ್ರೊಸೆಸರ್ ಮೇಲೆಯೇ ಎಕ್ಸ್264 ಎಂಬ ತಂತ್ರಾಂಶ ಎನ್‌ಕೋಡರ್‌ನಿಂದ ನಿಧಾನವಾಗಿ ಮಾಡಿ. ಅದರ ಗುಣಮಟ್ಟದ ಅಂಕೆ (ಸಿಆರ್‌ಎಫ್; ಕಡಿಮೆಯಾದಷ್ಟೂ ಗುಣ ಹೆಚ್ಚು) ಮೊದಲೇ 23 ಎಂದಿರುತ್ತದೆ. ಕುಣಿತ ಹೆಚ್ಚಿರುವ ಪ್ರಸಂಗಕ್ಕೆ ಅದನ್ನು 20ರ ಆಸುಪಾಸಿಗೆ ಇಳಿಸಿದರೆ ಕಡತ ದೊಡ್ಡದಾದರೂ ಚಿತ್ರ ಉಳಿಯುತ್ತದೆ.

ಎರಡು ಮೂರು ಕಂಪ್ಯೂಟರ್‌ಗಳಿದ್ದರೆ ಕೆಲಸ ಹಂಚಬಹುದು. ಎಲ್ಲದರಲ್ಲೂ ಒಂದೇ ಎನ್‌ಕೋಡರ್, ಒಂದೇ ಸೆಟ್ಟಿಂಗ್ ಇದ್ದರೆ ಕಡತವನ್ನು ಕೀಫ್ರೇಮ್‌ಗಳಲ್ಲಿ ತುಂಡು ಮಾಡಿ ಹಂಚಿ, ಕೊನೆಗೆ ಜೋಡಿಸಿ. ಧ್ವನಿಯನ್ನು ಮಾತ್ರ ತುಂಡು ಮಾಡದೆ ಒಂದೇ ಸಲಕ್ಕೆ ಪರಿವರ್ತಿಸಿ, ಇಲ್ಲದಿದ್ದರೆ ಜೋಡಣೆಯ ಜಾಗದಲ್ಲಿ ಚಂಡೆಯ ಪೆಟ್ಟು ತುಂಡರಿಸುತ್ತದೆ. ಯಂತ್ರಗಳು ಬೇರೆ ಬೇರೆ ಬಗೆಯವಾದರೆ ಒಂದೇ ವಿಡಿಯೊದ ತುಂಡುಗಳನ್ನು ಹಂಚಲೇಬೇಡಿ. ಜೋಡಿಸಿದ ಮೇಲೆ ತೊಂದರೆ ಕೊಡಬಹುದು. ಒಂದಕ್ಕೆ 480ರ (ಚಿತ್ರದ ಎತ್ತರದ ಸಾಲುಗಳ ಸಂಖ್ಯೆ) ಪ್ರತಿ, ಇನ್ನೊಂದಕ್ಕೆ 1080ರ ಪ್ರತಿ ಎಂದು ಇಡಿಯಾಗಿ ವಹಿಸಿ. ಘಟ್ಟದ ಊರುಗಳ ದುರ್ಬಲ ನೆಟ್‌ವರ್ಕ್‌ಗೆ ಹೊಂದುವ 480 ಮೊದಲು ಮುಗಿಯಲಿ. ಉಳಿದ ಗಾತ್ರಗಳನ್ನು ನೋಡುಗರು ಕೇಳಿದಾಗ ಮಾಡಿದರಾಯಿತು.

ಮಳೆಗಾಲದಲ್ಲಿ ಕರೆಂಟು ಹೋಗುವ ಊರಿನಲ್ಲಿ ಪರಿವರ್ತಿತ ಕಡತವನ್ನು ಎಂಕೆವಿ ರೂಪದಲ್ಲಿ ಉಳಿಸಿ. ಎಂಪಿ4 ಕಡತದಲ್ಲಿ ಯಾವುದು ಎಲ್ಲಿದೆ ಎಂದು ಹೇಳುವ ಸೂಚಿ ಸಾಮಾನ್ಯವಾಗಿ ಕೊನೆಯಲ್ಲಿ ಬರೆಯಲ್ಪಡುವುದರಿಂದ ನಡುವೆ ನಿಂತ ಕಡತ ತೆರೆಯುವುದಿಲ್ಲ. ಎಂಕೆವಿಯಲ್ಲಿ ಅಲ್ಲಿಯವರೆಗಿನ ಭಾಗ ಸಿಗುತ್ತದೆ. ಪೂರ್ತಿಯಾದ ಮೇಲೆ 'ಕಾಪಿ' ವಿಧಾನದಿಂದಲೇ ಎಂಪಿ4 ಮಾಡಿಕೊಳ್ಳಿ.