ಸ್ವೀಟ್ ಹೋಮ್ ತ್ರೀಡಿಯಲ್ಲಿ ಒಳಾಂಗಣದ ಬೆಳಕು: ದಾವಣಗೆರೆಯ ಮನೆಗೆ ದಾವಣಗೆರೆಯ ಸೂರ್ಯ

ಮನೆ ಕಟ್ಟಿಸುವವರಲ್ಲಿ ಹೆಚ್ಚಿನವರು ನಕ್ಷೆಯ ಗೆರೆಗಳನ್ನು ನೋಡಿ ಒಪ್ಪಿಗೆ ಕೊಡುವುದಿಲ್ಲ, ಬಣ್ಣದ ಚಿತ್ರವನ್ನು ನೋಡಿ ಕೊಡುತ್ತಾರೆ. ಆ ಚಿತ್ರದಲ್ಲಿ ಕಾಣುವ ಬೆಳಕು ನಿಜವಾದ ಮನೆಯಲ್ಲೂ ಇರುತ್ತದೆ ಎಂಬ ನಂಬಿಕೆಯಿಂದಲೇ ಕಿಟಕಿಯ ಜಾಗ, ಮಂಚದ ಜಾಗ, ಟ್ಯೂಬ್‌ಲೈಟಿನ ಪಾಯಿಂಟ್ ಎಲ್ಲವೂ ನಿರ್ಧಾರವಾಗುತ್ತವೆ. ಆದ್ದರಿಂದ ಚಿತ್ರ ತೆಗೆಯುವವರ ಹೊಣೆ ಚಿತ್ರವನ್ನು ಅಂದಗಾಣಿಸುವುದಕ್ಕೇ ಮುಗಿಯುವುದಿಲ್ಲ. ಉಚಿತವಾಗಿ ಸಿಗುವ, ಸಾಧಾರಣ ಲ್ಯಾಪ್‌ಟಾಪಿನಲ್ಲೂ ನಡೆಯುವ ಸ್ವೀಟ್ ಹೋಮ್ ತ್ರೀಡಿ ಎಂಬ ತಂತ್ರಾಂಶದಲ್ಲಿ ಒಳಾಂಗಣದ ಬೆಳಕನ್ನು ನಂಬುವಂತೆ ಮೂಡಿಸುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಗೋಡೆ ಎಳೆಯುವುದು, ಬಾಗಿಲು ಕಿಟಕಿ ಕೂರಿಸುವುದು, ಪೀಠೋಪಕರಣ ಇಡುವುದು ಓದುಗರಿಗೆ ಆಗಲೇ ಗೊತ್ತಿದೆ ಎಂದು ಭಾವಿಸಿದ್ದೇನೆ.

ಮೊದಲು ದಿಕ್ಸೂಚಿ

ನಕ್ಷೆಯ ಮೂಲೆಯಲ್ಲಿ ಒಂದು ದಿಕ್ಸೂಚಿ ಇರುತ್ತದೆ. ಅದನ್ನು ಅಲಂಕಾರವೆಂದು ತಿಳಿದು ಮುಟ್ಟದೆ ಬಿಡುವವರೇ ಹೆಚ್ಚು. ಚಿತ್ರದಲ್ಲಿ ಸೂರ್ಯ ಎಲ್ಲಿ ನಿಲ್ಲಬೇಕು ಎಂಬುದನ್ನು ತಂತ್ರಾಂಶವು ಈ ದಿಕ್ಸೂಚಿಯಲ್ಲಿರುವ ಅಕ್ಷಾಂಶ, ರೇಖಾಂಶ, ಸಮಯವಲಯ ಮತ್ತು ಉತ್ತರ ದಿಕ್ಕುಗಳಿಂದ, ಹಾಗೂ ನಾವು ಕೊಡುವ ದಿನಾಂಕ ಮತ್ತು ಗಂಟೆಯಿಂದ ಲೆಕ್ಕ ಹಾಕುತ್ತದೆ. ನಾವೇನೂ ತುಂಬದಿದ್ದರೆ ಕಂಪ್ಯೂಟರಿನ ಸಮಯವಲಯವನ್ನು ನೋಡಿ ಊರನ್ನು ಊಹಿಸಿಕೊಳ್ಳುತ್ತದೆ. ಭಾರತದ ಸಮಯವಲಯಕ್ಕೆ ಅದು ಹಿಡಿಯುವುದು ಕೋಲ್ಕತ್ತಾವನ್ನು. ದಿಕ್ಸೂಚಿಯ ಮೇಲೆ ಎರಡು ಸಲ ಕ್ಲಿಕ್ ಮಾಡಿ, ದಾವಣಗೆರೆಯಾದರೆ 14.46 ಡಿಗ್ರಿ ಉತ್ತರ ಅಕ್ಷಾಂಶ ಮತ್ತು 75.92 ಡಿಗ್ರಿ ಪೂರ್ವ ರೇಖಾಂಶ, ಚಿತ್ರದುರ್ಗವಾದರೆ 14.23 ಮತ್ತು 76.40 ಎಂದು ತುಂಬಬೇಕು.

ಈ ತಿದ್ದುಪಡಿಯಿಂದ ಆಗುವ ವ್ಯತ್ಯಾಸ ಸಣ್ಣದಲ್ಲ. ಡಿಸೆಂಬರ್ 21ರ ನಡುಹಗಲಿನಲ್ಲಿ ದಾವಣಗೆರೆಯ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 52 ಡಿಗ್ರಿ ಎತ್ತರದಲ್ಲಿರುತ್ತಾನೆ, ಕೋಲ್ಕತ್ತಾದಲ್ಲಿ ಸುಮಾರು 44 ಡಿಗ್ರಿಯಲ್ಲಿ. ಬೇಸಿಗೆಯ ಕಥೆ ಇನ್ನೂ ಬೇರೆ. ನಮ್ಮಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ, ಕೋಲ್ಕತ್ತಾಗೆ ಆ ಸ್ಥಿತಿ ಜೂನ್ ತಿಂಗಳಿನ ಆಸುಪಾಸಿನಲ್ಲಿ ಮಾತ್ರ. ಗಡಿಯಾರದಲ್ಲಿಯೂ ಅಂತರವಿದೆ. ದೇಶಕ್ಕೆಲ್ಲ ಒಂದೇ ಸಮಯ 82.5 ಡಿಗ್ರಿ ರೇಖಾಂಶದಿಂದ ನಡೆಯುವುದರಿಂದ, ಅದಕ್ಕಿಂತ ಪಶ್ಚಿಮದಲ್ಲಿರುವ ದಾವಣಗೆರೆಯಲ್ಲಿ ಸೂರ್ಯ ನೆತ್ತಿಯ ಗೆರೆಗೆ ಬರುವುದು ಸರಾಸರಿ ಹನ್ನೆರಡು ಗಂಟೆ ಇಪ್ಪತ್ತಾರು ನಿಮಿಷಕ್ಕೆ. ಕೋಲ್ಕತ್ತಾದಲ್ಲಿ ಅದಕ್ಕೂ ಐವತ್ತು ನಿಮಿಷ ಮೊದಲೇ. ಊರನ್ನು ತಿದ್ದದೆ ಸಂಜೆ ಐದರ ಚಿತ್ರ ತೆಗೆದರೆ ಬೆಳಕಿನ ಬಣ್ಣ ಮತ್ತು ನೆರಳಿನ ಉದ್ದ ಎರಡೂ ನಮ್ಮೂರಿನವಾಗಿ ಬರುವುದಿಲ್ಲ.

ಇಷ್ಟಾದ ಮೇಲೂ ಉಳಿಯುವ ದೊಡ್ಡ ತಪ್ಪು ಉತ್ತರ ದಿಕ್ಕಿನದು. ತಂತ್ರಾಂಶದಲ್ಲಿ ಉತ್ತರವು ಹಾಳೆಯ ಮೇಲ್ಗಡೆಗೆ ಇರುತ್ತದೆ. ನಾವಾದರೋ ಸೈಟು ಯಾವ ದಿಕ್ಕಿನದೇ ಇರಲಿ, ರಸ್ತೆಯನ್ನು ಹಾಳೆಯ ಕೆಳಗಡೆಗೆ ಇಟ್ಟೇ ನಕ್ಷೆ ಬರೆಯುತ್ತೇವೆ. ನನ್ನ ತಂಗಿಯ ಮನೆ ಪೂರ್ವಾಭಿಮುಖವಾದ 30x40 ಸೈಟು. ರಸ್ತೆ ಕೆಳಗಡೆ ಇದ್ದ ನಕ್ಷೆಗೆ ನಾನು ಉತ್ತರವನ್ನು ಬಲಗಡೆಗೆ, ಅಂದರೆ 90 ಡಿಗ್ರಿಗೆ ತಿರುಗಿಸಬೇಕಿತ್ತು, ತಿರುಗಿಸಲಿಲ್ಲ. ಹಿಂಬದಿಯ ಕೋಣೆಯ ಕಿಟಕಿ ಚಿತ್ರದಲ್ಲಿ ಉತ್ತರದ ಕಿಟಕಿಯಂತೆ ಮೃದುವಾದ, ಎಲ್ಲ ಕಡೆಗೂ ಸಮನಾಗಿ ಹರಡಿದ ಬೆಳಕಿನಲ್ಲಿ ಕಂಡಿತು; ಅದನ್ನು ನೋಡಿಯೇ ಅಲ್ಲಿ ಮಗಳ ಓದುವ ಮೇಜನ್ನು ಗೋಡೆಗೆ ಸೇರಿಸಿ ಮಾಡಿಸಿದರು. ವಾಸ್ತವದಲ್ಲಿ ಅದು ಪಶ್ಚಿಮದ ಕಿಟಕಿ. ಮಾರ್ಚ್ ತಿಂಗಳ ಸಂಜೆ ನಾಲ್ಕೂವರೆಗೆ ಸೂರ್ಯ ಇಲ್ಲಿ ಸುಮಾರು 30 ಡಿಗ್ರಿ ಎತ್ತರದಲ್ಲಿರುತ್ತಾನೆ, ಹಾಗಾಗಿ ಏಳಡಿ ಎತ್ತರದ ಕಿಟಕಿಯ ಮೇಲೆ ಒಂದೂವರೆ ಅಡಿಯ ಸಜ್ಜಾ ಇದ್ದರೂ ಬಿಸಿಲು ಹತ್ತಡಿಯಷ್ಟು ಒಳಗೆ ಬಂದೇ ಬರುತ್ತದೆ. "ಚಿತ್ರದಾಗೆ ಈ ಬಿಸಿಲು ಇರ್ಲೇ ಇಲ್ಲಲ್ಲಣ್ಣ" ಎಂದು ತಂಗಿ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ನಾನು ಗೋಡೆ ಎಳೆಯುವ ಮೊದಲೇ ಸೈಟಿನಲ್ಲಿ ನಿಂತು ದಿಕ್ಕು ನೋಡಿಕೊಂಡು, ದಿಕ್ಸೂಚಿಯನ್ನು ಸರಿಪಡಿಸಿಯೇ ಮುಂದಿನ ಕೆಲಸಕ್ಕೆ ಕೈ ಹಾಕುತ್ತೇನೆ.

ಎಲ್ಲವೂ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಒಂದು ಸುಲಭ ದಾರಿಯಿದೆ. ದಕ್ಷಿಣದ ಗೋಡೆಯ ಹೊರಗೆ ಒಂದೂವರೆ ಅಡಿಯ ಸಜ್ಜಾ ಕೂರಿಸಿ, ದಿನಾಂಕವನ್ನು ಡಿಸೆಂಬರ್ 21ಕ್ಕೂ ಸಮಯವನ್ನು ಹನ್ನೆರಡೂವರೆಗೂ ಇಟ್ಟು ಹೊರಗಿನಿಂದ ಒಂದು ಚಿತ್ರ ತೆಗೆಯಿರಿ. ಸಜ್ಜಾದ ನೆರಳು ಗೋಡೆಯ ಮೇಲೆ ಸುಮಾರು 1.9 ಅಡಿ ಕೆಳಗೆ ಇಳಿದಿರಬೇಕು. ಒಂದೂವರೆ ಅಡಿಗಿಂತ ಕಡಿಮೆ ಇಳಿದಿದ್ದರೆ ಸೂರ್ಯ ಇನ್ನೂ ಕೋಲ್ಕತ್ತಾದಲ್ಲೇ ಇದ್ದಾನೆ. ನೆರಳೇ ಇಲ್ಲದಿದ್ದರೆ ಉತ್ತರ ದಿಕ್ಕು ತಪ್ಪಿದೆ.

ಬೆಳಕನ್ನು ತಡೆಯುವುದನ್ನೂ ಬರೆಯಬೇಕು

ಸಜ್ಜಾ ಎಂಬ ವಸ್ತು ಕ್ಯಾಟಲಾಗಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಬಾಕ್ಸ್ ಎಂಬ ಸಾದಾ ಪೆಟ್ಟಿಗೆಯ ಆಕಾರವನ್ನು ತೆಗೆದುಕೊಂಡು, ಅದರ ಅಗಲ, ಆಳ, ದಪ್ಪಗಳನ್ನು ತಿದ್ದಿ, ನೆಲದಿಂದ ಏಳಡಿ ಎತ್ತರಕ್ಕೆ ಏರಿಸಿದರೆ ಕೆಲಸ ಮುಗಿಯಿತು. ಇದಕ್ಕಿಂತ ಮುಖ್ಯವಾದದ್ದು ಪಕ್ಕದ ಮನೆ. ನಮ್ಮ ಬಡಾವಣೆಗಳಲ್ಲಿ ಮನೆಗಳ ನಡುವೆ ಮೂರು ನಾಲ್ಕು ಅಡಿಯಷ್ಟೇ ಜಾಗವಿರುವುದು ಸಾಮಾನ್ಯ. ನಾಲ್ಕಡಿ ದೂರದಲ್ಲಿ ಇಪ್ಪತ್ತಡಿ ಎತ್ತರದ ಗೋಡೆ ಇದ್ದರೆ, ಕೆಳ ಅಂತಸ್ತಿನ ಕಿಟಕಿಯ ನಡುವಿನಿಂದ ನೋಡುವವರಿಗೆ ಸುಮಾರು 75 ಡಿಗ್ರಿಗಿಂತ ಮೇಲಿನ ಆಕಾಶ ಮಾತ್ರ ಕಾಣುತ್ತದೆ. ಆ ಗೋಡೆಯನ್ನು ಬರೆಯದೆ ತೆಗೆದ ಚಿತ್ರದಲ್ಲಿ ಅಡುಗೆಮನೆ ಬೆಳಗುತ್ತದೆ, ಕಟ್ಟಿದ ಮನೆಯಲ್ಲಿ ಹಗಲಿನಲ್ಲೂ ಲೈಟ್ ಹಾಕಬೇಕಾಗುತ್ತದೆ. ಆದ್ದರಿಂದ ಅಕ್ಕಪಕ್ಕದ ಮನೆಗಳನ್ನು ಒಂದೊಂದು ಎತ್ತರದ ಗೋಡೆಯಾಗಿಯಾದರೂ ಎಳೆದು, ಅದಕ್ಕೆ ನಿಜವಾದ ಬಣ್ಣವನ್ನೇ ಕೊಡಬೇಕು. ಸುಣ್ಣ ಬಳಿದ ಗೋಡೆಯಿಂದ ಮರಳಿ ಬರುವ ಬೆಳಕು ಇಟ್ಟಿಗೆಯ ಗೋಡೆಯಿಂದ ಬರುವುದಿಲ್ಲ. ಪಕ್ಕದ ಸೈಟು ಈಗ ಖಾಲಿಯಿದ್ದರೆ ಗೋಡೆಯಿಲ್ಲದೆ ಒಂದು, ಗೋಡೆಯಿಟ್ಟು ಒಂದು ಚಿತ್ರ ತೆಗೆದು ಎರಡನ್ನೂ ತೋರಿಸುವುದು ನ್ಯಾಯ.

ಒಳಗಡೆ, ಪ್ರತಿಯೊಂದು ಕೋಣೆಯನ್ನೂ ರೂಮ್ ಸಾಧನದಿಂದ ಗುರುತಿಸಿರಬೇಕು. ಗೋಡೆಗಳ ನಡುವೆ ಎರಡು ಸಲ ಕ್ಲಿಕ್ ಮಾಡಿದರೆ ಕೋಣೆ ತಾನಾಗಿ ಮೂಡುತ್ತದೆ. ಹೀಗೆ ಗುರುತಿಸದ ಜಾಗಕ್ಕೆ ಸೀಲಿಂಗ್ ಇರುವುದಿಲ್ಲ, ಬಿಸಿಲು ಮೇಲಿನಿಂದ ನೇರವಾಗಿ ಸುರಿಯುತ್ತದೆ. ಗೋಡೆಯ ಎತ್ತರ ತಂತ್ರಾಂಶದಲ್ಲಿ 250 ಸೆಂಟಿಮೀಟರ್ ಇರುತ್ತದೆ. ನಮ್ಮ ಹತ್ತಡಿಯ ಕೋಣೆಗೆ ಅದನ್ನು 305 ಮಾಡಿಕೊಳ್ಳಬೇಕು. ಹಳೆಯ ಮಾಳಿಗೆ ಮನೆಯನ್ನು ದುರಸ್ತಿ ಮಾಡಿಸುವವರು ಬೆಳಕಿಂಡಿಯನ್ನು ಉಳಿಸಿಕೊಳ್ಳಬೇಕೇ ಎಂದು ಆಗಾಗ ಕೇಳುತ್ತಾರೆ. ಬೆಳಕಿಂಡಿಯ ಕೆಳಗಿನ ಭಾಗವನ್ನು ಪ್ರತ್ಯೇಕ ಸಣ್ಣ ಕೋಣೆಯಾಗಿ ಗುರುತಿಸಿ, ದೊಡ್ಡ ಕೋಣೆಯ ಎಲ್ಲೆ ಅದನ್ನು ಒಳಗೊಳ್ಳದೆ ಬಳಸಿಕೊಂಡು ಹೋಗುವಂತೆ ಗೆರೆ ಎಳೆದು, ಸಣ್ಣ ಕೋಣೆಯ ಸೀಲಿಂಗ್ ಗುರುತನ್ನು ಮಾತ್ರ ತೆಗೆದರೆ, ನೆತ್ತಿಯ ಮೇಲಿನ ಸೂರ್ಯ ಪಡಸಾಲೆಯ ನೆಲದ ಮೇಲೆ ಬಿಡಿಸುವ ಬಿಸಿಲಿನ ಚೌಕ ಚಿತ್ರದಲ್ಲಿ ಬರುತ್ತದೆ. ಆ ಚಿತ್ರ ನೋಡಿದ ಮೇಲೆ ಬೆಳಕಿಂಡಿಯನ್ನು ಮುಚ್ಚಿಸಬೇಡಿ ಎಂದು ನಾನು ಬಾಯಿಬಿಟ್ಟು ಹೇಳಬೇಕಾದ ಸಂದರ್ಭ ಬಂದಿಲ್ಲ.

ಬಣ್ಣಗಳಲ್ಲಿ ಅಚ್ಚ ಬಿಳಿಯನ್ನು ಬಳಸಬಾರದು. ಬಿಸಿಲು ಬಿದ್ದ ಕಡೆ ಅದು ಸುಟ್ಟ ಕಾಗದದಂತೆ ವಿವರ ಕಳೆದುಕೊಳ್ಳುತ್ತದೆ. ತುಸು ಕೆನೆಬಣ್ಣಕ್ಕೆ ಅಥವಾ ಬೂದಿಗೆ ಇಳಿಸಿದರೆ ಮೂಲೆಗಳ ನೆರಳು ಉಳಿಯುತ್ತದೆ. ಕೆಂಪು ಕಾವಿಯ ನೆಲ ಗೋಡೆಯ ಬುಡಕ್ಕೆ ಸ್ವಲ್ಪ ಕೆಂಪನ್ನು ಚೆಲ್ಲುವುದು ಸಹಜ, ಅದನ್ನು ದೋಷವೆಂದು ತಿದ್ದಲು ಹೋಗಬಾರದು.

ರಾತ್ರಿಯ ಬೆಳಕು

ಚಿತ್ರ ತೆಗೆಯುವ ಕ್ರಿಯೇಟ್ ಫೋಟೋ ಕಿಟಕಿಯಲ್ಲಿ ಗುಣಮಟ್ಟದ ನಾಲ್ಕು ಹಂತಗಳಿವೆ. ಮೊದಲ ಎರಡು ಹಂತಗಳು ಬೇಗ ಮುಗಿಯುತ್ತವೆ, ಆದರೆ ದೀಪಗಳ ಬೆಳಕನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಿರಣಗಳು ಗೋಡೆಯಿಂದ ಗೋಡೆಗೆ ಪುಟಿಯುವ ಲೆಕ್ಕ ನಡೆಯುವುದು ಮೂರನೆಯ ಮತ್ತು ನಾಲ್ಕನೆಯ ಹಂತದಲ್ಲಿ ಮಾತ್ರ. ದೀಪ ಇಟ್ಟರೂ ಬೆಳಕು ಬರುತ್ತಿಲ್ಲ ಎಂದು ತೊಳಲಾಡುವವರು ಮೊದಲು ನೋಡಬೇಕಾದದ್ದು ಇದನ್ನೇ.

ಆಡ್ ಸೀಲಿಂಗ್ ಲೈಟ್ಸ್ ಎಂಬ ಆಯ್ಕೆಯನ್ನು ಗುರುತು ಹಾಕಿದರೆ ಪ್ರತಿ ಕೋಣೆಯ ಸೀಲಿಂಗಿನ ನಡುವೆ ಒಂದು ಬೆಳಕು ಸೇರುತ್ತದೆ. ಕೋಣೆಯ ರೂಪವನ್ನು ಬೇಗ ನೋಡಿಕೊಳ್ಳಲು ಅದು ಅನುಕೂಲ, ಕೊನೆಯ ಚಿತ್ರಕ್ಕೆ ನಾನು ಬಳಸುವುದಿಲ್ಲ, ಏಕೆಂದರೆ ನಮ್ಮ ಮನೆಗಳಲ್ಲಿ ಸೀಲಿಂಗಿನ ನಡುವೆ ಇರುವುದು ಫ್ಯಾನು, ಟ್ಯೂಬ್‌ಲೈಟ್ ಗೋಡೆಯ ಮೇಲೆ ಇರುತ್ತದೆ. ಲೈಟ್ಸ್ ವಿಭಾಗದಿಂದ ದೀಪಗಳನ್ನು ಎಳೆದು ಅವುಗಳ ನಿಜವಾದ ಜಾಗದಲ್ಲಿ, ಟ್ಯೂಬ್‌ಲೈಟಾದರೆ ಏಳೂವರೆ ಎಂಟು ಅಡಿ ಎತ್ತರದಲ್ಲಿ ಇಡಬೇಕು. ಬೆಳ್ಳನೆಯ ಎಲ್‌ಇಡಿಗೆ ಬಿಳಿ ಬೆಳಕಿನ ಮೂಲವೂ ದೇವರಮನೆಯಂಥ ಕಡೆಯ ಹಳದಿ ಬಲ್ಬಿಗೆ ಹ್ಯಾಲೋಜನ್ ಮೂಲವೂ ಹೊಂದುತ್ತವೆ.

ಲೈಟ್ ಪವರ್ ಶೇಕಡಾವಾರು ಅಂಕಿಯಲ್ಲಿದೆ, ವ್ಯಾಟಿನಲ್ಲಾಗಲಿ ಲ್ಯೂಮೆನ್ನಿನಲ್ಲಾಗಲಿ ಇಲ್ಲ. ಹಾಗಾಗಿ ನಮ್ಮದೇ ಅಳತೆಗೋಲು ಮಾಡಿಕೊಳ್ಳಬೇಕು. ನೀವು ದಿನವೂ ಕೂರುವ ಒಂದು ಕೋಣೆಯನ್ನು ಅದರ ಅಳತೆ, ಬಣ್ಣ, ಒಂದೇ ಟ್ಯೂಬ್‌ಲೈಟಿನೊಂದಿಗೆ ಬರೆದು, ಸಮಯವನ್ನು ರಾತ್ರಿ ಎಂಟಕ್ಕೆ ಇಟ್ಟು, ಕಣ್ಣೆದುರಿನ ಕೋಣೆಗೆ ಚಿತ್ರ ಹತ್ತಿರವಾಗುವವರೆಗೆ ಆ ಅಂಕಿಯನ್ನು ಏರಿಳಿಸಿ ನೋಡಿ, ಸಿಕ್ಕ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಒಂದು ಸಂಜೆಯ ಕೆಲಸ ಇದು. ಮುಂದೆ ಯಾರ ಮನೆಗೆ ಚಿತ್ರ ತೆಗೆದರೂ ಅದೇ ಅಂಕಿ ಆಧಾರವಾಗುತ್ತದೆ. ಕತ್ತಲೆ ಕಂಡ ಕೂಡಲೇ ಪವರ್ ಹೆಚ್ಚಿಸುವ ಅಭ್ಯಾಸ ಒಳ್ಳೆಯದಲ್ಲ. ಗ್ಯಾಸ್ ಕಟ್ಟೆಯ ಮೇಲೆ ಅಡುಗೆ ಮಾಡುವವರ ನೆರಳೇ ಬೀಳುತ್ತಿದ್ದರೆ, ಬೇಕಿರುವುದು ಎದುರಿನ ಕಪಾಟಿನ ಕೆಳಗೆ ಇನ್ನೊಂದು ದೀಪ.

ಕ್ಯಾಮೆರಾ ಮತ್ತು ಕೊನೆಯ ಚಿತ್ರ

ವರ್ಚುವಲ್ ವಿಸಿಟ್ ಸ್ಥಿತಿಗೆ ಬಂದು, ನೋಡುವವನನ್ನು ಕೋಣೆಯ ಮೂಲೆಗೋ ಬಾಗಿಲಿಗೋ ನಿಲ್ಲಿಸಿ, ಕಣ್ಣಿನ ಎತ್ತರವನ್ನು ನಾಲ್ಕರಿಂದ ನಾಲ್ಕೂವರೆ ಅಡಿಗೆ ಇಳಿಸಿದರೆ ನೆಲ ಮತ್ತು ಸೀಲಿಂಗ್ ಎರಡೂ ಹದವಾಗಿ ಕಾಣುತ್ತವೆ. ನೋಟದ ಕೋನ 63 ಡಿಗ್ರಿ ಇರುತ್ತದೆ. ಅದನ್ನು 90ಕ್ಕೆ ಏರಿಸಿದರೆ ಹತ್ತು ಹನ್ನೆರಡಡಿಯ ಕೋಣೆ ಕಲ್ಯಾಣಮಂಟಪದಷ್ಟು ಕಾಣುತ್ತದೆ. ಸಾಲ ಮಾಡಿ ಮನೆ ಕಟ್ಟಿಸುವವರ ಮುಂದೆ ಅಂಥ ಚಿತ್ರ ಇಡುವುದು ತಪ್ಪೆಂದೇ ನನ್ನ ಖಚಿತವಾದ ಅಭಿಪ್ರಾಯ. 75ರ ಮೇಲೆ ನಾನು ಹೋಗುವುದಿಲ್ಲ.

ಪರೀಕ್ಷೆಯ ಚಿತ್ರಗಳಿಗೆ 400x300 ಗಾತ್ರ, ಮೂರನೆಯ ಹಂತ ಸಾಕು. ಎಲ್ಲ ಒಪ್ಪಿಗೆಯಾದ ಮೇಲೆ 1600x1200 ಗಾತ್ರದಲ್ಲಿ ನಾಲ್ಕನೆಯ ಹಂತಕ್ಕೆ ಕೊಟ್ಟು ರಾತ್ರಿಯಿಡೀ ಓಡಲು ಬಿಡಬಹುದು. ದೀಪಗಳು ಹೆಚ್ಚಿದಷ್ಟೂ ಸಮಯ ಹೆಚ್ಚು ಹಿಡಿಯುತ್ತದೆ, ಆದ್ದರಿಂದ ಆ ನೋಟಕ್ಕೆ ಸಿಗದ ಕೋಣೆಗಳ ದೀಪಗಳ ಪವರನ್ನು ಸೊನ್ನೆಗೆ ಇಳಿಸಬೇಕು.

ನೋಟವನ್ನು ಸ್ಟೋರ್ ಪಾಯಿಂಟ್ ಆಫ್ ವ್ಯೂ ಮೂಲಕ ಉಳಿಸಿಕೊಂಡರೆ ಅದೇ ಜಾಗದಿಂದ ಬೇರೆ ಬೇರೆ ಹೊತ್ತಿನ ಚಿತ್ರ ತೆಗೆಯಬಹುದು. ನಾನು ಪ್ರತಿ ಕೋಣೆಗೂ ನಾಲ್ಕು ಚಿತ್ರ ಕೊಡುತ್ತೇನೆ: ಮಾರ್ಚ್ ತಿಂಗಳ ಬೆಳಿಗ್ಗೆ ಎಂಟು, ಅದೇ ದಿನ ಸಂಜೆ ನಾಲ್ಕೂವರೆ, ಡಿಸೆಂಬರಿನ ನಡುಹಗಲು, ಮತ್ತು ರಾತ್ರಿ ಎಂಟು. ಮೊದಲ ಮೂರನ್ನು ಗೋಡೆ ಕಿಟಕಿಯ ಮಟ್ಟಕ್ಕೆ ಏಳುವ ಮುನ್ನವೇ ಮನೆಯವರಿಗೂ ಮೇಸ್ತ್ರಿಗೂ ಒಟ್ಟಿಗೆ ತೋರಿಸಬೇಕು. ರಾತ್ರಿಯ ಚಿತ್ರ ವೈರಿಂಗ್ ಮಾಡುವವರ ಕೈಗೆ, ತಾರಸಿಗೆ ಕಾಂಕ್ರೀಟ್ ಹಾಕಿ ಪೈಪುಗಳು ಒಳಗೆ ಹೂತುಹೋಗುವ ಮೊದಲೇ ಸೇರಬೇಕು.